ಹಾಡಿಗೂ ಕುಣಿತಕ್ಕೂ ಕುಂಡಲಿ ನೋಡಬೇಕು

ಅಮೇರಿಕಾದಾಗ ಮಗಳ ಮನ್ಯಾಗ ಆರು ತಿಂಗಳು ಇದ್ದು ಬಂದ ಮ್ಯಾಲೆ ನಮ್ಮ ಓಣಿಯ ಅಕ್ಕಂದಿರು, ವೈನಿಗೋಳು ಎಲ್ಲಾರೂ ಕೇಳೋದು ಎರಡ ಪ್ರಶ್ನೆ ನೋಡ್ರಿ. "ಅಲ್ಲೆ ಥಂಡಿ ಹೆಂಗ ತಡಕೊಂಡ್ರಿ?" ಅಂತ ಒಂದು, "ಹೊತ್ತು ಹೆಂಗ ಕಳದ್ರಿ?" ಅಂತ ಇನ್ನೊಂದು. ಥಂಡಿ ಸುದ್ದಿ ಹೋಗಿ ಬಂದವರೆಲ್ಲಾ ಹೇಳ್ಯಾರ, ಅದನ್ನ ಮತ್ತ ನಾ ಏನು ಹೇಳ್ಲಿ. ಹೊತ್ತಿನ ವಿಷಯ ಹೇಳ್ತೀನಿ. ಮಗಳು ಇರೋದು ಮ್ಯಾಸಚೂಸೆಟ್ಸ್ ರಾಜ್ಯದೊಳಗ. ಅಲ್ಲೆ ಕಾಂಟ್ರಾ ಡಾನ್ಸ್ ಅಂತ ಒಂದು ಕುಣಿತ ಅದ. ಮಗಳು, ಅಳಿಯ ಇಬ್ಬರಿಗೂ ಅದರ ಹುಚ್ಚು. ಅವರ ಜೋಡಿ ನಾನೂ ಹೋಗ್ತಿದ್ದೆ. ಆ ಮಂದ್ಯಾಗ ಒಂದು ವಾದ ನಡದದ: ಈ ಕುಣಿತಕ್ಕ ಹಳೇ ಪಿಟೀಲಿನ ಹಾಡ ಬೇಕೋ, ಇಲ್ಲಾ ಸ್ವಿಂಗ್, ಜಾಝ್ ಬಾರಿಸಿದ್ರೂ ನಡೀತದೋ ಅಂತ. ಅಲ್ಲೆ ನನ್ನನ್ನ ಯಾರೂ ಕೇಳಲಿಲ್ಲ. ಅದಕ್ಕ ಇಲ್ಲೆ ನಿಮ್ಮ ಮುಂದ ಹೇಳ್ತೀನಿ.

ಮೊದ್ಲ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಜಾಝ್ ಬರ್ಲಿ, ಧಾರಾಳ ಬರ್ಲಿ. ಆದ್ರ ಹುಡುಗನೂ ಛಲೋ, ಹುಡುಗಿನೂ ಛಲೋ, ಆದ್ರೂ ಇಬ್ಬರಿಗೂ ಕೂಡಿ ಬರಲಿಲ್ಲ ಅನ್ನೋ ಮನಿ ನಾವು ನೋಡಿಲ್ಲೇನು? ಹಾಡಿಗೂ ಕುಣಿತಕ್ಕೂ ಹಂಗ. ಕುಂಡಲಿ ನೋಡಿ ಕೂಡಿಸಬೇಕು. ನೋಡದ ಗಂಟು ಹಾಕಿದ್ರ ಅದರ ತ್ರಾಸು ಬಾರಿಸೋರಿಗೆ ಇಲ್ಲ, ಹತ್ತು ವರ್ಷ ಕುಣದ ಜಾಣರಿಗೂ ಇಲ್ಲ. ಅವತ್ತ ಮೊದಲನೇ ಸಲ ಧೈರ್ಯ ಮಾಡಿ ಬಂದವರಿಗೆ ಅದ.

ಡಾನ್ಸ್ ಅಂದಕೂಡಲೇ ಕತ್ತಲಿ, ಬಣ್ಣದ ಲೈಟು, ಕುಡಿಯೋದು ಅಂತ ತಿಳಕೋಬ್ಯಾಡ್ರಿ. ಕಾಂಟ್ರಾ ಅಂದ್ರ ಊರ ಮಂದಿ ಕೂಡಿ ಕುಣಿಯೋದು. ಕಟಗಿ ನೆಲದ ಒಂದು ಹಾಲ್ ಇರ್ತದ. ಗ್ರೀನ್‌ಫೀಲ್ಡ್ ಅನ್ನೋ ಊರಾಗ ಗೈಡಿಂಗ್ ಸ್ಟಾರ್ ಗ್ರೇಂಜ್ ಅಂತ ಅದ. ಗ್ರೇಂಜ್ ಅಂದ್ರ 1867ರೊಳಗ ಶುರುವಾದ ರೈತರ ಸಂಘ, ಅವರ ಸಭಾ ಮಂದಿರ ಇದು. ಕಾನ್‌ಕಾರ್ಡ್ ಊರಾಗ ಸ್ಕೌಟ್ ಹೌಸ್ ಅಂತ ಇನ್ನೊಂದು. ಹಿಂತಾ ಜಾಗಾದಾಗ ಮುದುಕರು, ಕಾಲೇಜ್ ಹುಡುಗರು, ಅವ್ವ ಅಪ್ಪನ ಜೋಡಿ ಬಂದ ಸಣ್ಣ ಹುಡುಗರು ಎಲ್ಲಾ ಕೂಡಿ ಎದುರುಬದುರು ಎರಡು ಉದ್ದ ಸಾಲು ಮಾಡಿ ನಿಂದರ್ತಾರ. ಎದುರಿಗೆ ಇರೋರು ನಿಮ್ಮ ಜೋಡಿ. ಬಾಜೂಕಿನ ಜೋಡಿ ಸೇರಿ ನಾಲ್ಕು ಮಂದಿ ಒಂದು ಗುಂಪು. ಈ ನಾಲ್ಕೂ ಮಂದಿ ಕೈ ಹಿಡದು ಸುತ್ತತಾರ, ಕೈಯಿಂದ ಕೈ ದಾಟತಾರ, ಸಾಲಿಗೆ ಸಾಲೇ ಮುಂದ ಬಂದು ಹಿಂದ ಸರೀತದ. ಒಬ್ಬರ ಎಡಕ್ಕ, ಇನ್ನೊಬ್ಬರ ಬಲಕ್ಕ ಹೆಣಲು ಹೆಣದಂಗ ಹಾದು ಹೋಗೋದೂ ಒಂದದ, ಅದಕ್ಕ 'ಹೇ' ಅಂತಾರ.

ಮತ್ತ ಎಲ್ಲಾರಿಗೂ ಭಾಳ ಪ್ರೀತಿದು 'ಸ್ವಿಂಗ್'. ಇಬ್ಬರು ಹಿಡಕೊಂಡು ಗರಗರ ತಿರಗೋದು. ನಾವು ಪಂಚಮಿಗೆ, ಮಂಗಳಗೌರಿ ಜಾಗರಣಿಗೆ ಆಡ್ತಿದ್ದ ಫುಗಡಿ ನೆನಸ್ರಿ. ಕೈ ಹಿಡಿಯೋ ರೀತಿ ಬ್ಯಾರೆ, ಆದ್ರ ಕಾಲು ಹತ್ರ ಇಟ್ಟು, ಮೈ ಹಿಂದಕ್ಕ ಬಿಟ್ಟು, ಒಬ್ಬರ ಭಾರ ಇನ್ನೊಬ್ಬರು ತಡಿಯೋದು ಅಗದಿ ಹಂಗ. ತಲಿ ತಿರಗಬಾರದು ಅಂದ್ರ ಎದುರಿನವರ ಕಣ್ಣು ನೋಡಬೇಕು ಅಂತ ಕಲಸ್ತಾರ. ಗಂಡಸು, ಹೆಂಗಸು ಅನ್ನೋದರ ಬದಲಿ ಈಗೀಗ ಭಾಳ ಕಡೆ 'ಲಾರ್ಕ್', 'ರಾಬಿನ್' ಅಂತ ಹಕ್ಕಿ ಹೆಸರಿಲೆ ಕರೀತಾರ. ಹಿಂಗಾಗಿ ತಾಯಿ-ಮಗಳು, ಗೆಳತಿ-ಗೆಳತಿ ಜೋಡಿ ನಿಂತ್ರೂ ಯಾರೂ ಏನೂ ಅನ್ನಂಗಿಲ್ಲ.

ಒಂದು ಸುತ್ತು ಮುಗಿತಂದ್ರ ನಿಮ್ಮ ಜೋಡಿ ಸಾಲಿನಾಗ ಒಂದು ಜಾಗಾ ಮುಂದ ಸರೀತದ, ಹೊಸಾ ಇಬ್ಬರು ಎದುರು ಬರ್ತಾರ. ಅದೇ ಕುಣಿತ ಅವರ ಜೋಡಿ. ಹಿಂಗ ಹದಿನೈದು ಇಪ್ಪತ್ತು ಸುತ್ತು ಆಗೋದರೊಳಗ ಸಾಲಿನ ಮಂದಿಯೆಲ್ಲಾ ನಿಮ್ಮ ಕೈ ಮುಟ್ಟಿರ್ತಾರ. ಮನ್ಯಾಗ ಒಬ್ಬರ ಕೂತು ಕಿಟಕಿ ಹೊರಗ ನೋಡೋ ನನ್ನಂಥಾಕಿಗೆ ಇದು ಎಷ್ಟು ದೊಡ್ಡ ಮಾತು ಅಂತ ಮಕ್ಕಳ ಊರಿಗೆ ಹೋಗಿ ಬಂದವರಿಗೆ ಗೊತ್ತಾಗ್ತದ.

ಇನ್ನ ಮುಖ್ಯ ಮಾತು. ಏನು ಮಾಡಬೇಕು ಅಂತ ಕೂಗಿ ಹೇಳೋರು ಒಬ್ಬರು ಇರ್ತಾರ, ಅವರಿಗೆ ಕಾಲರ್ ಅಂತಾರ. ಮೊದ್ಲ ಹಾಡಿಲ್ಲದ ಒಂದೆರಡು ಸಲ ನಡಸಿ ತೋರಸ್ತಾರ. ಹಾಡು ಶುರುವಾದ ಮ್ಯಾಲೆ ನಾಲ್ಕೈದು ಸುತ್ತು ಕೂಗತಾರ. ಆಮ್ಯಾಲೆ ಸಾವಕಾಶ ಸುಮ್ಮನಾಗ್ತಾರ. ಅಲ್ಲಿಂದ ಮುಂದ ಕುಣಿಯೋರಿಗೆ ದಾರಿ ತೋರಸೋದು ಬರೇ ಹಾಡು. ಇದೊಂದು ನೆನಪಿಟಗೋರಿ, ನನ್ನ ವಾದ ಎಲ್ಲಾ ಇದರ ಮ್ಯಾಲ ನಿಂತದ.

ಈ ಕುಣಿತದ ಬೇರು ಇಂಗ್ಲೆಂಡಿನಾಗ ಅದ. 1651ರ ಹೊತ್ತಿಗೇ ಜಾನ್ ಪ್ಲೇಫೋರ್ಡ್ ಅನ್ನೋನು ಅಲ್ಲಿಯ ಊರ ಕುಣಿತಗಳ ಪುಸ್ತಕ ಛಾಪಿಸಿದ್ದ. ಅವು ಫ್ರಾನ್ಸಿಗೆ ಹೋಗಿ 'ಕೋಂತ್ರದಾಂಸ್' ಆದವು. ಸಮುದ್ರ ದಾಟಿ ಅಮೇರಿಕಾದ ಈಶಾನ್ಯಕ್ಕ, ನ್ಯೂ ಇಂಗ್ಲೆಂಡ್ ಅಂತಾರಲ್ಲಾ ಅಲ್ಲಿಗೆ ಬಂದವು. ಬ್ಯಾರೆ ಕಡೆ ಮಂದಿ ಮರತ್ರೂ ನ್ಯೂ ಹ್ಯಾಂಪ್‌ಶೈರಿನ ಹಳ್ಳಿಗಳು ಇವನ್ನ ಬಿಡಲಿಲ್ಲ. ರಾಲ್ಫ್ ಪೇಜ್ ಅನ್ನೋರು 1985ರಾಗ ತೀರಿಕೊಳ್ಳೋತನಕ ಇದನ್ನ ಕಲಸಿದ್ರು. ಅವರ ಹಿಂದ ಡಡ್ಲಿ ಲಾಫ್‌ಮನ್ ಅನ್ನೋರು 1960–70ರ ದಶಕದಾಗ ಕಾಲೇಜ್ ಹುಡುಗರನ್ನೆಲ್ಲಾ ಈ ಹಾಲಿಗೆ ಎಳಕೊಂಡು ಬಂದ್ರು. ಅಲ್ಲಿಂದ ದೇಶ ತುಂಬ ಹರಡಿತು.

ಹಳೇ ಕಾಲದಾಗ ಕುಂಡಲಿ ನೋಡೋ ಪ್ರಸಂಗನ ಬರ್ತಿದ್ದಿಲ್ಲ. ಭಾಳಷ್ಟು ಕುಣಿತಕ್ಕ ತಂದ ಹಾಡು ಇತ್ತು. 'ಪೆಟ್ರೋನೆಲ್ಲಾ' ಕುಣಿತಕ್ಕ ಪೆಟ್ರೋನೆಲ್ಲಾ ಹಾಡು, 'ರೋರಿ ಓ'ಮೋರ್' ಕುಣಿತಕ್ಕ ಅದೇ ಹೆಸರಿನ ಹಾಡು. ಸೋದರಮಾವನ ಮನಿಗೆ ಮಗಳನ್ನ ಕೊಟ್ಟಂಗ, ಹುಟ್ಟಿದಾಗನ ಗೊತ್ತಾಗಿರ್ತಿತ್ತು. ಈಗ ಹಂಗಿಲ್ಲ. ಹೊಸಾ ಕುಣಿತ ಸಾವಿರಾರು ಆಗ್ಯಾವ. ಕಾಲರ್ ಕುಣಿತ ಆರಸ್ತಾರ, ಬ್ಯಾಂಡಿನವರು ಅದಕ್ಕ ಹಾಡು ಆರಸ್ತಾರ. ಎಷ್ಟೋ ಸಲ ಕುಣಿತ ಶುರುವಾಗೋ ಒಂದು ನಿಮಿಷ ಮೊದ್ಲ, ನಿಂತ ನಿಲವಿನ ಮ್ಯಾಲೆ ಈ ಮದುವಿ ನಿಶ್ಚಯ ಆಗ್ತದ.

ಆರಿಸೋದು ಹೆಂಗ ಅಂದ್ರ, ಮೊದಲನೇ ಗುಣ ಉದ್ದ. ಕಾಂಟ್ರಾ ಕುಣಿತದ ಒಂದು ಸುತ್ತಿಗೆ 64 ಹೆಜ್ಜಿ. ಇದನ್ನ ಕೇಳಿ ನನಗ ಭಾಳ ಖುಷಿ ಆತು. ಧಾರವಾಡದ ಮಂದಿ ನಾವು, ಕೂತಲ್ಲೆ ತೊಡಿ ಮ್ಯಾಲೆ ತಾಳ ಹಾಕೋರು. ತೀನ್‌ತಾಲ್ 16 ಮಾತ್ರಾ, ನಾಲ್ಕು ಆವರ್ತನ ಅಂದ್ರ 64! ಅವರ ಹಳೇ ಪಿಟೀಲಿನ ಹಾಡಿನಾಗ 16 ಹೆಜ್ಜಿಯ ಒಂದು ಭಾಗ, ಅದಕ್ಕ 'ಎ' ಅಂತಾರ. ಅದನ್ನ ಎರಡು ಸಲ ಬಾರಸ್ತಾರ. ಆಮ್ಯಾಲೆ ಇನ್ನೊಂದು ಭಾಗ 'ಬಿ', ಅದನ್ನೂ ಎರಡು ಸಲ. ಎ, ಎ, ಬಿ, ಬಿ. ಹಾಡಿನ ಬಣ್ಣ ಬದಲಾತಂದ್ರ ಅರ್ಧ ಸುತ್ತು ಮುಗಿತು ಅಂತ ಕಾಲಿಗೇ ತಿಳೀತದ. ಮತ್ತ 'ಎ' ಬಂತಂದ್ರ ಸಮ್ ಬಂತು, ಹೊಸಾ ಜೋಡಿ ಕಡೆ ತಿರಗು ಅಂತ. ಕುಣಿತದ ತುಂಡುಗಳೂ ಇದೇ ಅಳತಿಗೆ ಕತ್ತರಿಸಿದ್ದು. ಕೈ ಹಿಡದು ಸುತ್ತೋದು 8, ಸಾಲು ಮುಂದ ಹೋಗಿ ಹಿಂದ ಬರೋದು 8, 'ಹೇ' ಪೂರಾ ಹೆಣದ್ರ 16. ಲೆಕ್ಕ ಯಾರೂ ಮಾಡಬೇಕಾಗಿಲ್ಲ, ಹಾಡ ಲೆಕ್ಕ ಹೇಳ್ತದ.

ಈಗ ಜಾಝಿಗೆ ಬರ್ತೀನಿ. ಸ್ವಿಂಗ್ ಅಂದ್ರ ಜಾಝಿನ ಒಂದು ನಮೂನಿ, 1930ರ ದಶಕದಾಗ ದೊಡ್ಡ ದೊಡ್ಡ ಬ್ಯಾಂಡಿನವರು ಬಾರಸ್ತಿದ್ದದ್ದು. ಡ್ಯೂಕ್ ಎಲಿಂಗ್‌ಟನ್, ಕೌಂಟ್ ಬೇಸಿ, ಬೆನ್ನಿ ಗುಡ್‌ಮನ್ ಇವರೆಲ್ಲಾ ಆಗಿನವರು. ನ್ಯೂಯಾರ್ಕಿನ ಹಾರ್ಲೆಮ್‌ನ್ಯಾಗ 1926ಕ್ಕ ತೆರದ ಸೆವಾಯ್ ಬಾಲ್‌ರೂಮಿನೊಳಗ ಕರಿಯ ಮಂದಿ ಇದಕ್ಕ ಲಿಂಡಿ ಹಾಪ್ ಅಂತ ಕುಣಿತ ಕಟ್ಟಿದ್ರು. ಅಲ್ಲೆ ಬಿಳಿಯರನ್ನೂ ಕರಿಯರನ್ನೂ ಕೂಡೇ ಒಳಗ ಬಿಡ್ತಿದ್ರು, ಆ ಕಾಲಕ್ಕ ಅದು ಸಣ್ಣ ಮಾತಲ್ಲ. ಹೆಸರಿನ ಗೊಂದಲ ಮಾಡಕೋಬ್ಯಾಡ್ರಿ: ಕಾಂಟ್ರಾದಾಗ ಗರಗರ ತಿರಗೋ 'ಸ್ವಿಂಗ್' ಬ್ಯಾರೆ, ಈ ಸಂಗೀತದ ಸ್ವಿಂಗ್ ಬ್ಯಾರೆ. ಹೆಸರು ಒಂದ ಅದ ಅಂತ ಗೋತ್ರ ಒಂದ ಆಗಂಗಿಲ್ಲ.

ಲಿಂಡಿ ಹಾಪ್‌ನ್ಯಾಗ ಪ್ರತಿ ಜೋಡಿ ತಮ್ಮಷ್ಟಕ್ಕ ತಾವು. ಹಾಡು ಉದ್ದ ಇದ್ರೇನು, ಗಿಡ್ಡ ಇದ್ರೇನು, ಇಬ್ಬರು ಹೊಂದಿಸ್ಕೊಂಡ್ರ ಮುಗಿತು. ಕಾಂಟ್ರಾದಾಗ ಹಂಗಲ್ಲ. ಒಬ್ಬರು ತಪ್ಪಿದ್ರ ನಾಲ್ಕು ಮಂದಿ ನಿಂದರ್ತಾರ, ನಾಲ್ಕು ಮಂದಿ ನಿಂತ್ರ ಸಾಲು ಸಿಕ್ಕ ಹಾಕ್ಕೋತದ. ಜಾಝ್ ಕಟ್ಟಿದವರು ಈ ಸಾಲಿನ ಚಿಂತಿ ಇಟಗೊಂಡು ಕಟ್ಟಿಲ್ಲ. ಅದು ಅವರ ಕೊರತಿ ಅಲ್ಲ, ಆದ್ರ ಹಾಡು ಆರಿಸೋರು ನೋಡಬೇಕಲ್ಲಾ?

ಭಾಳಷ್ಟು ಜಾಝ್ ಹಾಡು 32 ಬಾರಿನವು. ಒಂದು ಬಾರಿಗೆ ಎರಡು ಹೆಜ್ಜಿ ಹಾಕಿದ್ರ 64, ಲೆಕ್ಕ ಸರಿ ಕೂಡ್ತದ. ಆದ್ರ ಒಳಗಿನ ಅಂಕಣ ಬ್ಯಾರೆ. ಎಲಿಂಗ್‌ಟನ್ ಬ್ಯಾಂಡಿನ ಪ್ರಸಿದ್ಧ ಹಾಡು, ಬಿಲ್ಲಿ ಸ್ಟ್ರೇಹಾರ್ನ್ ಕಟ್ಟಿದ 'ಟೇಕ್ ದ ಎ ಟ್ರೇನ್' ತಗೋರಿ. ಅದು ಎ, ಎ, ಬಿ, ಎ. ಇದನ್ನ ಮ್ಯಾಲಿಂದ ಮ್ಯಾಲೆ ಬಾರಿಸಿದ್ರ ಏನಾಗ್ತದ ನೋಡ್ರಿ. ಕಡೀಗೆ ಬಂದದ್ದು 'ಎ', ಮತ್ತ ಶುರುವಿಗೆ ಬರೋದು ಎರಡು 'ಎ'. ಅಂದ್ರ ಮೂರು 'ಎ' ಸಾಲಾಗಿ ಕೇಳಸ್ತಾವ. ಈ ಮೂರರೊಳಗ ಯಾವುದು ಸಮ್? ಹಳೇ ಸುತ್ತು ಎಲ್ಲಿ ಮುಗಿತು, ಹೊಸಾದು ಎಲ್ಲಿ ಶುರು? ಕಿವಿಗೆ ತಿಳಿಯಂಗಿಲ್ಲ. ಮುಂದಿನ ಜೋಡಿ ಕಡೆ ತಿರಗಬೇಕಾದ ಜಾಗಾದಾಗನ ಹಾಡು ಬಾಯಿ ಮುಚಗೊಂಡು ನಿಂತಂಗ.

ಇದಕ್ಕ ಉಪಾಯ ಇಲ್ಲ ಅಂತಲ್ಲ. ಸುತ್ತಿನ ಕಡೀ ಭಾಗ ಮೊದಲಿನ ಭಾಗಕ್ಕಿಂತ ಅಗದಿ ಬ್ಯಾರೆ ಇರೋ ಕುಣಿತ ಆರಸಬೇಕು. ಮೊದ್ಲ ಸ್ವಿಂಗ್ ಇದ್ರ ಕಡೀಗೆ ಕೈ ಹಿಡದು ನಿಧಾನ ಸುತ್ತೋದು ಇರ್ಲಿ. ಹೊಸಾ ಜೋಡಿ ಸಿಗೋ ಜಾಗಾ ಕಿವಿ ಮುಚ್ಚಿದ್ರೂ ಮೈಗೆ ತಿಳಿಯೋ ಹಂಗ ಇರ್ಲಿ: ಎದುರಿನವರನ್ನ ದಾಟಿ ಹೋದ್ರ ತಂತಾನ ಹೊಸಾ ಮುಖ ಎದುರು ಬರಬೇಕು. ಮತ್ತ ಆ 'ಬಿ' ಭಾಗಕ್ಕ, ಹಾಡಿನ ಬಣ್ಣ ಬದಲಾಗೋ ಒಂದ ಜಾಗಾಕ್ಕ, ಕುಣಿತದ ವಿಶೇಷ ಬರ್ಲಿ. ಇಷ್ಟು ನೋಡಿ ಆರಿಸಿದ್ರ ಸಂಸಾರ ಸುಸೂತ್ರ.

ಇನ್ನ ಕೆಲವು ಹಾಡು ಉದ್ದದಾಗನ ಕೂಡಂಗಿಲ್ಲ. ಗರ್ಶ್ವಿನ್ 1930ರಾಗ ಕಟ್ಟಿದ 'ಐ ಗಾಟ್ ರಿದಮ್' ಮೂಲದಾಗ 34 ಬಾರ್. ಎರಡು ಬಾರ್ ಬಾಲ ಅದ. ಪ್ರತಿ ಸುತ್ತಿಗೆ 4 ಹೆಜ್ಜಿ ಹೆಚ್ಚು, ಎರಡು ಸುತ್ತಿಗೆ 8. ಜಾಝಿನವರೇ ಭಾಳ ಸಲ ಆ ಬಾಲ ಕತ್ತರಿಸಿ 32 ಮಾಡಿ ಬಾರಸ್ತಾರ, ಹಂಗ ಮಾಡಿದ್ರ ಅಡ್ಡಿ ಇಲ್ಲ. 12 ಬಾರಿನ ಬ್ಲೂಸ್ ಅಂತ ಒಂದು ಜಾತಿ ಅದ, ಅದಕ್ಕ ಮಾತ್ರ ಯಾವ ಪರಿಹಾರನೂ ಇಲ್ಲ. ಗ್ಲೆನ್ ಮಿಲ್ಲರ್ ಬ್ಯಾಂಡಿನ 'ಇನ್ ದ ಮೂಡ್' ಕೇಳಿರಬಹುದು, ಅದರ ಮೊದಲನೇ ಭಾಗ ಹಿಂತಾದ್ದು. 12 ಬಾರ್ ಅಂದ್ರ 24 ಹೆಜ್ಜಿ. ಎರಡು ಸಲಕ್ಕ 48, ಮೂರು ಸಲಕ್ಕ 72. 64 ನಡುವ ಸಿಕ್ಕೊಂಡು ಕೂಡ್ತದ. ಝಪ್‌ತಾಲಿನ ಬಂದಿಶಿಗೆ ತೀನ್‌ತಾಲಿನ ಠೇಕಾ ಹಿಡದಂಗ.

ಇದು ಬರೇ ಲೆಕ್ಕದ ಮಾತಲ್ಲ ಅನ್ನಲಿಕ್ಕೆ ಒಂದು ಸಂಗತಿ ಹೇಳ್ತೀನಿ. ಯಾವ ಊರು, ಯಾವ ಬ್ಯಾಂಡು ಅಂತ ಕೇಳಬ್ಯಾಡ್ರಿ. ಒಂದು ಸಂಜಿ ಎಪ್ಪತ್ತು ದಾಟಿದ ಒಬ್ಬಾಕಿ ಬಂದಿದ್ರು. ಗಂಡ ತೀರಿ ಒಂದು ವರ್ಷ ಆಗಿತ್ತು, ಬಾಜೂ ಮನಿಯಾಕಿ ಒತ್ತಾಯ ಮಾಡಿ ಕರಕೊಂಡು ಬಂದಿದ್ರು. ಮೊದಲನೇ ಎರಡು ಕುಣಿತ ಹಳೇ ಪಿಟೀಲಿನ ಹಾಡಿಗೆ, ಭಾಳ ಛಲೋ ಕುಣದ್ರು. ಕೆನ್ನಿ ಕೆಂಪಾಗಿ ನಕ್ಕೋತ ಬಂದು ನನ್ನ ಬಾಜೂ ಕುರ್ಚಿ ಮ್ಯಾಲೆ ಕೂತು ನೀರು ಕುಡದ್ರು. ಮೂರನೇದಕ್ಕ ಬ್ಯಾಂಡಿನವರು ಬ್ಲೂಸ್ ಹಚ್ಚಿದ್ರು. ಕಾಲರ್ ಕೂಗೋತನಕ ಎಲ್ಲಾ ಸರಿ ಇತ್ತು. ಕಾಲರ್ ಸುಮ್ಮನಾದ್ರು, ಆಕಿ ಪಾಪ ಹಾಡು ಕೇಳಿ ಕುಣೀಲಿಕ್ಕೆ ಹತ್ತಿದ್ರು. 48 ಹೆಜ್ಜಿಗೆ ಹಾಡು ಹೊಸದಾಗಿ ಶುರುವಾತು. ಆಕಿ ಹೊಸಾ ಜೋಡಿ ಕಡೆ ತಿರಗಿಬಿಟ್ರು. ಉಳದವರದು ಇನ್ನೂ 16 ಹೆಜ್ಜಿ ಬಾಕಿ. ಒಬ್ಬರು ಕೈ ಹಿಡದು ಹಿಂದ ಎಳದ್ರು, ಇನ್ನೊಬ್ಬರು ಹೆಗಲು ಹಿಡದು ತಿರಗಿಸಿದ್ರು. ಮುಂದಿನ ಸುತ್ತಿಗೂ ಹಂಗ ಆತು, ಅದರ ಮುಂದಿನದಕ್ಕೂ ಹಂಗ. "ಸಾರಿ, ಸಾರಿ" ಅಂತ ಎಲ್ಲಾರಿಗೂ ಹೇಳಿ, ಕುಣಿತ ಮುಗಿಯೋದರೊಳಗ ಆಕಿ ಕೋಟು ಹಾಕ್ಕೊಂಡು ಬಾಗಲ ಹತ್ರ ನಿಂತಿದ್ರು. "ನನಗ ತಾಳ ಜ್ಞಾನ ಇಲ್ಲ" ಅಂದ್ರು ನನ್ನ ಮುಂದ.

ತಾಳ ಜ್ಞಾನ ಇತ್ತು. ಅದಕ್ಕ ತಪ್ಪಿದ್ರು! ಆ ಸಾಲಿನಾಗ ಹಾಡನ್ನ ಕಿವಿಗೊಟ್ಟು ಕೇಳಿದಾಕಿ ಅಂದ್ರ ಆಕಿ ಒಬ್ಬರ. ಹಳಬರೆಲ್ಲಾ ಹಾಡು ಬಿಟ್ಟು ತಲ್ಯಾಗ ಎಣಸ್ಕೋತ ಕುಣೀತಿದ್ರು. ನಾ ಅಷ್ಟೂ ಹೊತ್ತು ಬೆರಳ ಮ್ಯಾಲೆ ಎಣಸೀನಿ, ಹಂಗ ಅಂತ ಆಕಿಗೆ ನನ್ನ ಹರಕು ಇಂಗ್ಲಿಷಿನಾಗ ಹೇಳಿದೆ ಸುದ್ದಾ. ಆಕಿ ನಕ್ಕು ನನ್ನ ಕೈ ಒತ್ತಿ ಹೋದ್ರು. ನಾ ಇರೋತನಕ ಮತ್ತ ಬರಲಿಲ್ಲ. ಇದಕ್ಕ ನಾ ಕುಂಡಲಿ ನೋಡ್ರಿ ಅನ್ನೋದು. ತಪ್ಪು ಆರಸಿದ್ದರದು, ಸಾರಿ ಹೇಳಿದಾಕಿ ಹೊಸಬಾಕಿ.

ಎರಡನೇ ಗುಣ ತೂಕ, ಅಂದ್ರ ಒತ್ತು ಎಲ್ಲೆ ಬೀಳ್ತದ ಅನ್ನೋದು. ಪಿಟೀಲಿನ ಹಾಡಿಗೆ ಪಿಯಾನೋದವರು 'ಧುಂ-ಚಕ್, ಧುಂ-ಚಕ್' ಅಂತ ಬಾರಸ್ತಾರ. 'ಧುಂ' ಬಿದ್ದಲ್ಲೆ ಕಾಲು ಬೀಳ್ತದ. ಜಾಝಿನಾಗ ಜೀವ ಇರೋದು ಎರಡನೇ, ನಾಲ್ಕನೇ ಹೊಡತದ ಮ್ಯಾಲೆ. ಚಪ್ಪಾಳಿ ಹೊಡಿಯೋರೂ ಅಲ್ಲೇ ಹೊಡೀತಾರ. ಹಾಡು ಕಾಲಿಗಿಂತ ಸ್ವಲ್ಪ ಮೊದ್ಲ ಬರ್ತದ, ಇಲ್ಲಾ ಜೋಲಿ ಹೊಡಕೋತ ತಡಾ ಮಾಡ್ತದ. ಅದರ ಚಂದನ ಅದು. ಆದ್ರ ಕಾಂಟ್ರಾದಾಗ 'ಬ್ಯಾಲೆನ್ಸ್' ಅಂತ ಒಂದು ಅದ: ಕೈ ಹಿಡದು ಮುಂದ ಹಾರಿ ಹಿಂದ ಬರೋದು, 4 ಹೊಡತಕ್ಕ, ಎಲ್ಲಾರೂ ಕೂಡಿ ನೆಲಕ್ಕ ಕಾಲು ಗುದ್ದತಾರ. ಪೆಟ್ರೋನೆಲ್ಲಾದಾಗ ಹಿಂಗ ಬ್ಯಾಲೆನ್ಸ್ ಮಾಡಿ, ಗಿರಕಿ ಹೊಡದು ಬಲಗಡಿ ಮನಿಗೆ ಸರದು, ಎರಡು ಚಪ್ಪಾಳಿ ಹೊಡೀತಾರ. ಇಡೀ ಹಾಲ್ ಒಂದ ಕ್ಷಣಕ್ಕ 'ಧಡ್' ಅನ್ನಬೇಕು, ಅದ ಅದರ ಮಜಾ. ಜೋಲಿ ಹೊಡಿಯೋ ಜಾಝ್ ಹಾಡು ಹಚ್ಚಿದ್ರ ಅರ್ಧ ಮಂದಿ ಮೊದ್ಲ ಗುದ್ದತಾರ, ಅರ್ಧ ಮಂದಿ ಆಮ್ಯಾಲೆ. ಅದೇ ಹಾಡಿಗೆ 'ಹೇ' ಹಾಕ್ರಿ, ನಡಕೋತ ಸುತ್ತೋದು ಹಾಕ್ರಿ, ಜೋಡಿ ಕೈ ಹಿಡದು ಅಡ್ಯಾಡೋದು ಹಾಕ್ರಿ – ನೀರಾಗ ಎಣ್ಣಿ ತೇಲಿದಂಗ ಮಂದಿ ತೇಲತಾರ. ಜಾಝಿಗೆ 'ಹೇ' ಕುಣಿಯೋದನ್ನ ನೋಡಿದ್ರ, ಈ ಸಂಬಂಧ ದೇವರ ಕೂಡಿಸ್ಯಾನ ಅನಸ್ತದ. ಅದಕ್ಕ ನಾ ಜಾಝ್ ಬ್ಯಾಡ ಅನ್ನೋ ಮಂದಿ ಕಡೆ ಇಲ್ಲ.

ಮೂರನೇ ಗುಣ ವೇಗ. ಕಾಂಟ್ರಾದ ನಡಗಿ ನಿಮಿಷಕ್ಕ ಸುಮಾರು 110ರಿಂದ 120 ಹೆಜ್ಜಿ. ಒಂದು ಸುತ್ತಿಗೆ ಅರ್ಧ ನಿಮಿಷಕ್ಕ ಸ್ವಲ್ಪ ಜಾಸ್ತಿ. ಜಾಝಿನ ಹಾಡು ಜೋರ ಇದ್ರ, ನಿಮಿಷಕ್ಕ 230 ಹೊಡತ ಇದ್ರ, ಹೊಡತ ಬಿಟ್ಟು ಹೊಡತಕ್ಕ ಕಾಲಿಟ್ರ 115, ಕೂಡಿ ಬಂತು. ನಿಧಾನ ಇದ್ರ, 115ರ ಹಾಡಾದ್ರ, ಪ್ರತಿ ಹೊಡತಕ್ಕ ಕಾಲಿಡಬಹುದು. ಆಗ ಒಂದು ಹಾಡಿನಾಗ ಎರಡು ಸುತ್ತು ಕುಣಿತ ಆಗ್ತದ. ತ್ರಾಸು ಇರೋದು ನಡುವಿನ ವೇಗದ್ದು. 150–160ರ ಹಾಡು ಕೇಳಲಿಕ್ಕೆ ಭಾಳ ಚಂದ, ಆದ್ರ ಪ್ರತಿ ಹೊಡತಕ್ಕ ಕಾಲಿಟ್ರ ಮೊಣಕಾಲು ಹೋಗ್ತಾವ, ಒಂದು ಬಿಟ್ಟು ಒಂದಕ್ಕ ಇಟ್ರ ಹೆಣ ಹೊತ್ತಂಗ ನಡೀಬೇಕು. ಆ ಹಾಡನ್ನ ವಿರಾಮದ ಹೊತ್ತಿನಾಗ ಬಾರಸ್ರಿ, ಕೇಕು ತಿನ್ಕೋತ ಕೇಳ್ತೀವಿ.

ನಾಲ್ಕನೇ ಗುಣ ಸ್ವಭಾವ. ಜಾಝಿನವರು ಹಾಡು ಒಂದು ಸಲ ಬಾರಿಸಿ, ಆಮ್ಯಾಲೆ ಒಬ್ಬೊಬ್ಬರ ಪಾಳಿ ಮ್ಯಾಲೆ ಮನಸಿಗೆ ಬಂದಂಗ ಬೆಳಸ್ತಾರ. ನಮ್ಮವರ ತಾನ್ ಇದ್ದಂಗ. ಆದ್ರ ನಮ್ಮ ಕಛೇರಿಯೊಳಗ ಗಾಯಕರು ಎಷ್ಟ ದೂರ ಹೋದ್ರೂ ತಬಲಾ ಠೇಕಾ ಬಿಡಂಗಿಲ್ಲ, ಮತ್ತ ಮುಖಡಾ ಹಿಡದು ಸಮ್ಮಿಗೆ ಬರ್ತಾರ. ಕೇಳೋರು ಕೂತವರು, ಅವರು ತಪ್ಪಿದ್ರ ಯಾರ ಕಾಲೂ ತುಳಿಯಂಗಿಲ್ಲ. ಇಲ್ಲೆ ಕುಣಿಯೋರು ಆ ಹಾಡಿನ ಮ್ಯಾಲೆ ನಡೀಲಿಕ್ಕೆ ಹತ್ಯಾರ. ಸೇತುವಿ ಮ್ಯಾಲೆ ಮಂದಿ ಇದ್ದಾಗ ಹಲಗಿ ತಗದ್ರ ಹೆಂಗ? ಒಬ್ಬರು ಹಾರ್ಲಿ, ಇನ್ನೊಬ್ಬರು ಹಾಡು ಹಿಡದಿರ್ಲಿ. ಎರಡು ಸುತ್ತು ಹಾರಿದ್ರ ಮೂರನೇದಕ್ಕ ಮೂಲ ಹಾಡು ಬರ್ಲಿ. ಹಾಡು ಭಾಳ ಹಾರೋದಿದ್ರ ಕುಣಿತ ಅಗದಿ ಸಾದಾ ಇರ್ಲಿ.

ನಾ ನೋಡಿದ ಎಲ್ಲಾಕ್ಕಿಂತ ಸೊಗಸಾದ ದಾರಿ ಅಂದ್ರ ಹಳೇ ಹಾಡನ್ನ ಜಾಝಿನ ಚಾಲಿನಾಗ ಬಾರಸೋದು. ಎ, ಎ, ಬಿ, ಬಿ ಅಂಕಣ ಹಂಗ ಇರ್ತದ, ಪಿಯಾನೋದವರು ಕೆಳಗಿನ ಸ್ವರ ಬದಲಿ ಮಾಡ್ತಾರ, ನಡಗಿಗೆ ಒಂಚೂರು ಜೋಲಿ ಕೊಡ್ತಾರ. ಮನಿ ಅಜ್ಜನ ಕಾಲದ್ದು, ಒಳಗ ಹೊಸಾ ಅಡಗಿಮನಿ. ಹುಡುಗರಿಗೂ ಖುಷಿ, ಮುದುಕರಿಗೂ ದಾರಿ ತಪ್ಪಂಗಿಲ್ಲ.

ಈಗ ಎರಡೂ ಕಡಿಯವರಿಗೆ ಒಂದೊಂದು ಮಾತು. "ನಮ್ಮ ಶುದ್ಧ ಸಂಪ್ರದಾಯ ಕೆಟ್ಟು ಹೋತು" ಅನ್ನೋರಿಗೆ: ನಿಮ್ಮ ಹಾಡಿನಾಗ ಐರ್‌ಲ್ಯಾಂಡಿಂದು ಎಷ್ಟು, ಸ್ಕಾಟ್‌ಲ್ಯಾಂಡಿಂದು ಎಷ್ಟು, ಕೆನಡಾದ ಫ್ರೆಂಚರದು ಎಷ್ಟು? ನಿಮ್ಮ ಬ್ಯಾಂಜೋದ ಹಿರೇರು ಪಶ್ಚಿಮ ಆಫ್ರಿಕಾದವರು. ಕುಣಿತ ಕೂಗಿ ಹೇಳೋ ಪದ್ಧತಿ ಅಮೇರಿಕಾದಾಗ ಶುರು ಮಾಡಿದವರೊಳಗ ಕರಿಯ ಪಿಟೀಲಿನವರು ಇದ್ರು ಅಂತ ಇತಿಹಾಸ ಬರದವರು ಹೇಳ್ತಾರ. ಅವರ ಮೊಮ್ಮಕ್ಕಳ ಸಂಗೀತ ಬಾಗಲಿಗೆ ಬಂದ್ರ ಪರಕೀಯ ಅಂದ್ರ ಹೆಂಗ?

ಹೊಸಾದು ಬೇಕು ಅನ್ನೋರಿಗೆ ಇನ್ನೊಂದು ಮಾತು. ನನ್ನ ಮಗಳೂ ಇದೇ ಪಕ್ಷ. "ಆಯಿ, ಇಷ್ಟೆಲ್ಲಾ ಲೆಕ್ಕ ಇಟಗೊಂಡು ಕುಣದ್ರ ಮಜಾ ಎಲ್ಲೆ? ತಪ್ಪಿದ್ರ ನಕ್ಕು ಸೇರಕೋಬೇಕು" ಅಂದ್ಲು. ಖರೆ, ಕಾಂಟ್ರಾದಾಗ ತಪ್ಪಿದವರನ್ನ ಯಾರೂ ಬೈಯಂಗಿಲ್ಲ, ನಕ್ಕೋತ ಕೈ ಕೊಡ್ತಾರ. ಆದ್ರ ಹತ್ತು ವರ್ಷ ಕುಣದಾಕಿ ತಪ್ಪಿ ನಗೋದು ಬ್ಯಾರೆ, ಮೊದಲನೇ ದಿನದಾಕಿ ತಪ್ಪಿ ನಗೋದು ಬ್ಯಾರೆ. ಹತ್ತು ವರ್ಷದಾಕಿಗೆ ಅದು ಆಟ. ಹೊಸಬಾಕಿ ಆ ನಗುವಿನ ಹಿಂದ ಕೋಟು ಎಲ್ಲೆ ಇಟ್ಟೀನಿ ಅಂತ ನೋಡ್ಲಿಕ್ಕೆ ಹತ್ತಿರ್ತಾಳ. ಕಠಿಣ ಜಾಝ್ ಬೇಕೇ ಬೇಕು ಅಂದ್ರ ಹಳಬರ ಸಲುವಾಗಿ ಒಂದು ಸಂಜಿ ಬ್ಯಾರೆ ಇಡ್ರಿ, ಮೊದಲ ಹೇಳ್ರಿ. ಎಲ್ಲಾರಿಗೂ ಬಾಗಲ ತೆರದ ಸಂಜಿಗೆ ಎಲ್ಲಾರ ಕಾಲು ನೋಡಿ ಹಾಡು ಆರಸ್ರಿ.

ಮಾಡೋದು ಕಠಿಣ ಏನಿಲ್ಲ. ಮಗಳ ಪರಿಚಯದ ಕಾಲರ್ ಒಬ್ಬರು ನನಗ ತಮ್ಮ ಡಬ್ಬಿ ತೋರಿಸಿದ್ರು. ಒಂದೊಂದು ಕಾರ್ಡಿನ ಮ್ಯಾಲೆ ಒಂದೊಂದು ಕುಣಿತ ಬರದಿಟ್ಟಾರ, ನಾವು ಅಡಗಿ ಪಾಕ ಬರದಿಟಗೊಂಡಂಗ. ಕಾರ್ಡಿನ ಮೂಲಿಗೆ ಗುರುತು: ಇದು ಗುದ್ದೋದು, ಇದು ತೇಲೋದು, ಇದಕ್ಕ ಜಾಝ್ ನಡೀತದ, ಇದಕ್ಕ ಬ್ಯಾಡ. ಕುಣಿತದ ಮೊದ್ಲ ಕಾರ್ಡು ಬ್ಯಾಂಡಿನವರಿಗೆ ತೋರಸ್ತಾರ. ಬ್ಲೂಸ್ ಅಂದ್ರ ಕೈ ಅಲ್ಲಾಡಸ್ತಾರ. ಎ, ಎ, ಬಿ, ಎ ಅಂದ್ರ "ಹಂಗಾರ ನಾ ಕಡೀತನಕ ಕೂಗತೀನಿ" ಅಂತಾರ. ಅರ್ಧ ನಿಮಿಷದ ಮಾತು. ಆಕಿ ನಡಸಿದ ಸಂಜಿಗೆ ಎಷ್ಟ ಜಾಝ್ ಇದ್ರೂ ಯಾರೂ ನಡುವ ಕೋಟು ಹಾಕ್ಕೊಂಡಿದ್ದು ನಾ ನೋಡಲಿಲ್ಲ.

ನೀವು ಯಾರಾದ್ರೂ ಆ ಕಡೆ ಮಕ್ಕಳ ಮನಿಗೆ ಹೊಂಟಿದ್ರ ಒಂದು ಸಂಜಿ ಹೋಗಿ ಬರ್ರಿ ಅಂತ ಹೇಳ್ತೀನಿ. ಸೀರಿ ಉಟಗೊಂಡು ಹೋದ್ರೂ ನಡೀತದ, ನೆರಗಿ ಸ್ವಲ್ಪ ಎತ್ತಿ ಕಟ್ರಿ, ಚೂಡಿದಾರ ಆದ್ರ ಇನ್ನೂ ಛಲೋ. ಮೆತ್ತನ ತಳದ ಬೂಟು ಒಯ್ಯಿರಿ. ಹೊಸಬರಿಗೆ ಶುರುವಿಗೆ ಭಾಳ ಕಡೆ ಅರ್ಧ ತಾಸು ಕಲಸ್ತಾರ, ಅದನ್ನ ತಪ್ಪಸಬ್ಯಾಡ್ರಿ. ಮತ್ತ ನಡುವ ಎಲ್ಲೆರ ಕಾಲು ತಪ್ಪಿತು ಅಂದ್ರ, ತಾಳ ಜ್ಞಾನ ಇಲ್ಲ ಅಂತ ಬಾಗಲ ಕಡೆ ನೋಡೋಕಿಂತ ಮೊದ್ಲ, ಒಂದು ಸಲ ಬೆರಳ ಮ್ಯಾಲೆ ಹಾಡು ಎಣಸಿ ನೋಡ್ರಿ. 64 ಬರಲಿಲ್ಲ ಅಂದ್ರ ಕುರ್ಚಿ ಮ್ಯಾಲೆ ಕೂತು ನೀರು ಕುಡೀರಿ, ಕೋಟು ಮಾತ್ರ ಹಾಕ್ಕೋಬ್ಯಾಡ್ರಿ. ಮುಂದಿನ ಹಾಡಿಗೆ ಮತ್ತ ಎದ್ದು ಸಾಲಿನಾಗ ನಿಂದರ್ರಿ.